ಅಶ್ವತ್ಥಪ್ಪನವರ ಬಲಗಾಲೂ ಕ್ರೂಸ್ ಕಂಟ್ರೋಲೂ

ಬ್ಯಾಟರಾಯನಪುರದ ಅಶ್ವತ್ಥಪ್ಪನವರಿಗೆ ಕೋಪ ಬಂದಿತ್ತು. ಇದೂ ಒಂದು ಸುದ್ದಿಯೇ ಎಂದು ಅವರ ಬೀದಿಯವರು ಕೇಳಿಯಾರು. ಬೆಳಿಗ್ಗೆ ಆರೂವರೆಗೆ ಪೇಪರು ಒದ್ದೆಯಾಗಿ ಬಿದ್ದಿದೆಯೆಂದು ಒಂದು ಕೋಪ, ಎಂಟಕ್ಕೆ ಮಹಡಿ ಮನೆಯ ಬಾಡಿಗೆಯವರು ಗೇಟು ತೆರೆದಿಟ್ಟು ಹೋದರೆಂದು ಇನ್ನೊಂದು, ಹನ್ನೊಂದಕ್ಕೆ ಸರ್ವೀಸ್ ರಸ್ತೆಯನ್ನು ಮತ್ತೆ ಅಗೆದರೆಂದು ಮಗದೊಂದು. ಅವರ ಕೋಪಗಳಿಗೆ ರೈಲಿನ ಹಾಗೆ ವೇಳಾಪಟ್ಟಿ ಇತ್ತು (ಸಮಯಪಾಲನೆ ಮಾತ್ರ ರೈಲಿಗಿಂತ ಮೇಲು). ಬಂದ ಕೋಪ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಇಳಿದುಹೋಗುತ್ತಿತ್ತು. ಹೆಂಡತಿ ಗಂಗರತ್ನಮ್ಮನವರಿಗಾದರೋ ಕೋಪವೇ ಬರುವುದಿಲ್ಲ ಎಂಬುದು ಅವರ ದೃಢವಾದ ನಂಬಿಕೆ. “ನಮ್ಮೋಳು ಹಸು ಕಣ್ರೀ” ಎಂದು ನಾಲ್ಕು ಜನರ ಎದುರು ಹೇಳಿ, ಅದೂ ತಮ್ಮದೇ ಸಾಧನೆಯೆಂಬಂತೆ ಮೀಸೆ ತೀಡಿಕೊಳ್ಳುತ್ತಿದ್ದರು.

ಆದರೆ ಆ ಭಾನುವಾರದ ಕೋಪ ವೇಳಾಪಟ್ಟಿಯಲ್ಲಿ ಇರಲಿಲ್ಲ. ಅದು ಚಿಕ್ಕಬಳ್ಳಾಪುರದಿಂದ ಫೋನಿನಲ್ಲಿ ಬಂತು. ಕರೆ ಮಾಡಿದವರು ಗಂಗರತ್ನಮ್ಮನವರ ತಮ್ಮ ವೆಂಕಟರಾಮಯ್ಯ. ಊರಾಚೆ ತೋಟದ ಮನೆ ಕಟ್ಟಿಸಿ, ವಾರದ ಕೊನೆಗೆ ಬೆಂಗಳೂರಿನವರಿಗೆ ತಂಗಲು ಕೊಡುವ ಸಿದ್ಧತೆಯಲ್ಲಿದ್ದ ಮನುಷ್ಯ.

“ಭಾವ, ಇನ್ ಹದಿನೈದು ದಿನಕ್ಕೆ ಗೃಹಪ್ರವೇಶ. ನಿಮ್ಮ ಆ ಹಳೇ ಗಾಡೀನ ನನಗೆ ಕೊಟ್ಬಿಡಿ.”

“ನಿನಗ್ಯಾಕೋ ಅದು? ಓಡಿಸ್ತೀಯಾ?”

“ಓಡ್ಸೋದ್ಯಾಕೆ? ಇಂಜಿನ್ ಇಳ್ಸಿ, ಬಾನೆಟ್ ತುಂಬ ಮಣ್ಣು ಹಾಕಿ, ಸೇವಂತಿಗೆ ಗಿಡ ನೆಡ್ಸ್ತೀನಿ. ಗೇಟ್ ಪಕ್ಕ ನಿಲ್ಸಿದ್ರೆ ಬಂದೋರೆಲ್ಲ ಸೆಲ್ಫಿ ತಗೋತಾರೆ.”

ಅಶ್ವತ್ಥಪ್ಪನವರು ಫೋನನ್ನು ಕಿವಿಯಿಂದ ತೆಗೆದು ಬಾಯಿಗೆ ನೇರವಾಗಿ ಹಿಡಿದುಕೊಂಡು ಹತ್ತು ನಿಮಿಷ ಮಾತಾಡಿದರು. ಅದರಲ್ಲಿ ಅಚ್ಚು ಹಾಕಬಹುದಾದ ಪದಗಳು ‘ಸೇವಂತಿಗೆ’ ಮತ್ತು ‘ನಿಮ್ಮಪ್ಪ’ ಎಂಬೆರಡು ಮಾತ್ರ.

ಕೋಪ ಬರದೆ ಏನು ಮಾಡೀತು? ಅದು ಅಂತಿಂಥ ಗಾಡಿಯಲ್ಲ. ಇಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುವ ಫೋರ್ ವೀಲ್ ಡ್ರೈವ್. ಹೆಬ್ಬಾಳದ ಫ್ಲೈಓವರ್ ಹೊಸದಾಗಿ ತೆರೆದ ವರ್ಷ ಕೊಂಡದ್ದು. ಆಗ ಎರಡೂ ಮಿರಿಮಿರಿ ಮಿಂಚುತ್ತಿದ್ದವು. ಈಗ ಎರಡಕ್ಕೂ ವರ್ಷವಿಡೀ ರಿಪೇರಿ. ಬೆಟ್ಟ ಹತ್ತಿ ಹೊಳೆ ಹಾಯಬಲ್ಲ ಆ ಮಹಾರಥ ಇಪ್ಪತ್ತೆರಡು ವರ್ಷಗಳಲ್ಲಿ ಕಂಡ ಅತಿ ದೊಡ್ಡ ಹೊಳೆಯೆಂದರೆ ಮಳೆ ಬಂದ ದಿನದ ಸರ್ವೀಸ್ ರಸ್ತೆ. ಫೋರ್ ವೀಲ್‌ನ ಸಣ್ಣ ಗೇರನ್ನು ಅಶ್ವತ್ಥಪ್ಪನವರು ಎಳೆದದ್ದು ಒಟ್ಟು ಎರಡು ಸಲ. ಒಮ್ಮೆ ಚರಂಡಿಗೆ ಇಳಿದ ನೀರಿನ ಟ್ಯಾಂಕರನ್ನು ಮೇಲೆತ್ತಲು, ಇನ್ನೊಮ್ಮೆ ಅದು ಇನ್ನೂ ಎಳೆಯಲು ಬರುತ್ತದೆಯೇ ಎಂದು ನೋಡಲು. ಎಡಗಡೆಯ ಕಿಟಕಿಯ ಗಾಜು ಇಳಿದದ್ದು ಏರಿರಲಿಲ್ಲ. ಆದರೂ ದಿನಾ ಬೆಳಿಗ್ಗೆ ಅದಕ್ಕೆ ಸ್ನಾನ, ಒರೆಸುವುದು, ಊದುಬತ್ತಿ. ಗಂಗರತ್ನಮ್ಮನವರು ಅದಕ್ಕೆ ‘ನನ್ನ ಸವತಿ’ ಎಂದೇ ಹೆಸರಿಟ್ಟಿದ್ದರು. ನಗುತ್ತಲೇ ಹೇಳುತ್ತಿದ್ದರು.

ತೊಂದರೆ ಇದ್ದದ್ದು ಗಾಡಿಯ ನಾಲ್ಕು ಚಕ್ರಗಳಲ್ಲಲ್ಲ, ಅಶ್ವತ್ಥಪ್ಪನವರ ಎರಡು ಕಾಲುಗಳಲ್ಲಿ, ಅದರಲ್ಲೂ ಬಲಗಾಲಿನ ಮಂಡಿಯಲ್ಲಿ. ಅರ್ಧ ಗಂಟೆ ಆಕ್ಸಿಲರೇಟರ್ ಒತ್ತಿದರೆ ಮಂಡಿ ಬಿಗಿದುಕೊಳ್ಳುತ್ತಿತ್ತು. ಗಾಡಿಯಿಂದ ಇಳಿಯುವಾಗ ಅವರ ಬಾಯಿಂದ “ಅಮ್ಮಾ!” ಎಂಬ ಕೂಗು ಹೊರಡುತ್ತಿತ್ತು. ಬೀದಿಯವರು ಅದನ್ನು ಕೇಳಿಯೇ ಅಶ್ವತ್ಥಪ್ಪನವರು ಮನೆಗೆ ಬಂದರೆಂದು ತಿಳಿಯುತ್ತಿದ್ದರು. ಪೆಡಲ್ ಒತ್ತುವ ಕಾಲಿಗೆ ವಿಶ್ರಾಂತಿ ಬೇಕು ಎಂದು ಡಾಕ್ಟರು ಹೇಳಿದ ದಿನವೇ ಸುದ್ದಿ ಚಿಕ್ಕಬಳ್ಳಾಪುರ ತಲುಪಿತ್ತು.

ಫೋನು ಇಟ್ಟು ಅವರು ಹೆಂಡತಿಯ ಕಡೆ ತಿರುಗಿದರು. “ನೀನೇ ಹೇಳ್ಕೊಟ್ಟಿದ್ದು ಅಲ್ವೇನೇ ಅವನಿಗೆ?”

ಗಂಗರತ್ನಮ್ಮನವರು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ತಲೆಯೆತ್ತಲಿಲ್ಲ. “ನಾನ್ಯಾಕೆ ಹೇಳ್ಕೊಡ್ಲಿ? ಒಂದು ಮಾತಾಡೋಣ. ಗೃಹಪ್ರವೇಶಕ್ಕೆ ನೀವೇ ಓಡಿಸ್ಕೊಂಡು ನನ್ನ ಕರ್ಕೊಂಡು ಹೋಗಿ. ಅಲ್ಲಿ ಇಳಿಯುವಾಗ ‘ಅಮ್ಮಾ’ ಅನ್ನದೇ ಇಳಿದ್ರೆ ಗಾಡಿ ನಿಮ್ಮದು. ನೂರು ವರ್ಷ ಓಡ್ಸಿ, ನಾನು ತುಟಿ ಪಿಟಕ್ ಅನ್ನಲ್ಲ. ಅಂದುಬಿಟ್ರೋ, ಕೀ ನನ್ನ ಕೈಗೆ. ಆಮೇಲೆ ಅದನ್ನ ಏನ್ ಮಾಡ್ಬೇಕೋ ನಾನ್ ನೋಡ್ಕೋತೀನಿ.”

ಹೆಂಡತಿ ಕೀಯನ್ನು ತಮ್ಮನಿಗೆ ಕೊಡದೆ ಇನ್ನೇನು ಮಾಡಿಯಾಳು? ಅಶ್ವತ್ಥಪ್ಪನವರ ಕಣ್ಣ ಮುಂದೆ ಬಾನೆಟ್ಟಿನಿಂದ ಹಳದಿ ಸೇವಂತಿಗೆಗಳು ಅರಳಿ, ಯಾರೋ ಕಾಲೇಜು ಹುಡುಗಿಯರು ತುಟಿ ಚೂಪು ಮಾಡಿಕೊಂಡು ಫೋಟೋ ತೆಗೆಸಿಕೊಂಡಂತಾಯಿತು. “ಆಗ್ಲಿ! ಮನೆದೇವ್ರಾಣೆ!” ಎಂದು ಗುಡುಗಿದರು.

ಉಪಾಯ ಹೊಳೆದದ್ದು ಎರಡನೆಯ ಕಾಫಿಯ ಹೊತ್ತಿಗೆ. ಹೋದ ತಿಂಗಳು ಮಗಳು ವೇದಾ ತನ್ನ ಹೊಸ ಕಾರಿನಲ್ಲಿ ಅವರನ್ನು ಎಕ್ಸ್‌ರೇ ತೆಗೆಸಲು ಕರೆದೊಯ್ದಿದ್ದಳು. ಏರ್‌ಪೋರ್ಟ್ ರಸ್ತೆಯಲ್ಲಿ ಅದೇನೋ ಗುಂಡಿ ಒತ್ತಿ ಕಾಲು ಎತ್ತಿಟ್ಟುಕೊಂಡಳು. ಕಾರು ತನ್ನಷ್ಟಕ್ಕೆ ಅದೇ ವೇಗದಲ್ಲಿ ಓಡಿತು. ಕ್ರೂಸ್ ಕಂಟ್ರೋಲ್ ಅಂತೆ. ಕಾಲೇ ಬೇಡ! ಕಾಲು ಬೇಡವೆಂದ ಮೇಲೆ ಮಂಡಿ ಬೇಡ, ಮಂಡಿ ಬೇಡವೆಂದ ಮೇಲೆ ‘ಅಮ್ಮಾ’ ಎಲ್ಲಿಂದ ಬಂದೀತು? ಅವರು ಅರ್ಧ ಕಾಫಿ ಬಿಟ್ಟು ಎದ್ದರು.

ಗಂಗಾನಗರದಲ್ಲಿ ಖಾದರ್ ಬಾಷಾ ಅವರ ಗ್ಯಾರೇಜು. ಗಾಡಿ ಕೊಂಡ ದಿನದಿಂದ ಅದರ ಹೊಟ್ಟೆಯೊಳಗೆ ಕೈ ಹಾಕಿದ ಮನುಷ್ಯ ಅವರೊಬ್ಬರೇ. ಇಬ್ಬರಿಗೂ ಇಪ್ಪತ್ತೆರಡು ವರ್ಷಗಳ ಸ್ನೇಹ, ಅಂದರೆ ಇಪ್ಪತ್ತೆರಡು ವರ್ಷಗಳ ಜಗಳ.

“ಅಶ್ವತ್ಥಣ್ಣ, ಈ ಗಾಡಿಗೆ ಕ್ರೂಸಾ?” ಖಾದರ್ ಬಾಷಾ ಕನ್ನಡಕ ಹಣೆಗೇರಿಸಿದರು. “ಮೊದ್ಲು ಆ ಕಿಟಕಿ ಗ್ಲಾಸ್ ಏರ್ಸೋಣ.”

“ಗ್ಲಾಸ್ ವಿಷಯ ಎತ್ಬೇಡ. ಆಗತ್ತೋ ಆಗಲ್ವೋ?”

“ನನ್ ಕೈಲಿ ಆಗಲ್ಲ. ವೈರಿಂಗ್ ಕೆಲ್ಸ ಎಲ್ಲ ಈಗ ತಸ್ನೀಮ್ ನೋಡ್ತಾಳೆ.”

ತಸ್ನೀಮ್ ಅವರ ಮಗಳು. ಡಿಪ್ಲೊಮಾ ಮಾಡಿ, ಎರಡು ಕಡೆ ಕೆಲಸ ಮಾಡಿ, ಈಗ ಅಪ್ಪನ ಗ್ಯಾರೇಜಿನ ಅರ್ಧ ಭಾಗವನ್ನು ತನ್ನ ವಶಕ್ಕೆ ತೆಗೆದುಕೊಂಡಿದ್ದವಳು. ಅವಳು ಗಾಡಿಯ ಕೆಳಗಿನಿಂದ ತೂರಿ ಬಂದು, ಕೈ ಒರೆಸಿಕೊಂಡು, “ಆಗತ್ತೆ ಅಂಕಲ್. ಕೇಬಲ್ ಎಳೆಯೋ ಡಬ್ಬ ಒಂದು ಕೂರಿಸ್ಬೇಕು, ಸ್ಪೀಡ್ ಗೊತ್ತಾಗೋಕ್ಕೆ ಕೆಳಗೆ ಶಾಫ್ಟ್‌ಗೆ ಮ್ಯಾಗ್ನೆಟ್ ಹಾಕ್ಬೇಕು, ಸ್ಟೀರಿಂಗ್ ಪಕ್ಕ ಗುಂಡಿ ಬರತ್ತೆ. ನಾಲ್ಕು ದಿನ ಕೊಡಿ” ಎಂದಳು. ಅಶ್ವತ್ಥಪ್ಪನವರಿಗೆ ಅರ್ಥವಾದದ್ದು ನಾಲ್ಕು ದಿನ ಎಂಬುದೊಂದೇ. ಹುಡುಗಿಯ ಕೈಗೆ ತಮ್ಮ ಮಹಾರಥವನ್ನು ಒಪ್ಪಿಸಬೇಕಾಯಿತಲ್ಲ ಎಂದು ಒಳಗೊಳಗೇ ಕುದಿದರು. ಆದರೆ ಬೇರೆ ದಾರಿ ಇರಲಿಲ್ಲ.

ನಾಲ್ಕನೆಯ ದಿನ ಗಾಡಿ ಕೊಡುವಾಗ ತಸ್ನೀಮ್ ಎಲ್ಲವನ್ನೂ ವಿವರಿಸಿದಳು. ನಲವತ್ತು ಕಿಲೋಮೀಟರ್ ವೇಗ ದಾಟಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ಹಸಿರು ಗುಂಡಿ ಒತ್ತಿದರೆ ‘ಬೀಪ್’ ಎನ್ನುತ್ತದೆ. ಆಮೇಲೆ ಕಾಲು ತೆಗೆಯಬಹುದು. ಇದಿಷ್ಟು ಅವರು ಕೇಳಿಸಿಕೊಂಡರು. ಆಮೇಲೆ ಅವಳು ಇನ್ನೂ ಏನೋ ಎರಡು ಮುಖ್ಯ ವಿಷಯ ಹೇಳಿದಳು. ಅಷ್ಟರಲ್ಲಿ ಮಹಡಿ ಮನೆಯವರು ನೀರು ಬರುತ್ತಿಲ್ಲವೆಂದು ಫೋನು ಮಾಡಿದ್ದರಿಂದ ಅಶ್ವತ್ಥಪ್ಪನವರು ಆ ಕಡೆ ಕೂಗಾಡುತ್ತಿದ್ದರು. ಕೂಗಾಡುತ್ತಲೇ ತಲೆಯಾಡಿಸಿದರು.

ಗಂಗಾನಗರದಿಂದ ಮನೆಗೆ ಬರುವಾಗಲೇ ಪರೀಕ್ಷಿಸೋಣವೆಂದರೆ ವೇಗ ಹದಿನೇಳು ದಾಟಲಿಲ್ಲ. ಹೆಬ್ಬಾಳದಲ್ಲಿ ಮುಳ್ಳು ಸೊನ್ನೆಯ ಮೇಲೆ ಮಲಗಿ ನಿದ್ದೆ ಹೋಯಿತು. ನಲವತ್ತು ಕಿಲೋಮೀಟರ್ ವೇಗವೆಂಬುದು ಈ ಊರಿನಲ್ಲಿ ಮುಂಜಾನೆ ಬ್ರಾಹ್ಮೀ ಮುಹೂರ್ತದಲ್ಲಿ ಮಾತ್ರ ಸಿಗುವ ದಿವ್ಯ ವಸ್ತು ಎಂದು ಅವರಿಗೆ ಗೊತ್ತಾಯಿತು. ಪಕ್ಕದ ಬೈಕಿನವನಿಗೆ, ಮುಂದಿನ ಬಸ್ಸಿನವನಿಗೆ, ಹಿಂದಿನ ಆಟೋದವನಿಗೆ ಒಂದೊಂದು ಸುತ್ತು ಬೈದು ಮನೆ ಸೇರಿದರು.

ಮರುದಿನ ಬೆಳಿಗ್ಗೆ ಐದೂವರೆಗೆ ಏರ್‌ಪೋರ್ಟ್ ರಸ್ತೆ ಖಾಲಿ. ಐವತ್ತೈದು. ಹಸಿರು ಗುಂಡಿ. ‘ಬೀಪ್’. ಅಶ್ವತ್ಥಪ್ಪನವರು ಉಸಿರು ಬಿಗಿಹಿಡಿದು ಆಕ್ಸಿಲರೇಟರ್ ಮೇಲಿಂದ ಕಾಲು ಎತ್ತಿದರು. ಗಾಡಿ ಓಡುತ್ತಿತ್ತು! ತಾನೇ ತಾನಾಗಿ! ಮೂರು ಸೆಕೆಂಡು. ಆಮೇಲೆ ಗಾಡಿ ಉಸ್ಸೆಂದು ಸೋತಿತು. ಮತ್ತೆ ಗುಂಡಿ, ಮತ್ತೆ ಬೀಪ್, ಮತ್ತೆ ಮೂರು ಸೆಕೆಂಡು, ಮತ್ತೆ ಉಸ್. ಯಲಹಂಕ ದಾಟುವಷ್ಟರಲ್ಲಿ ಹನ್ನೊಂದು ಸಲ ಒತ್ತಿದರು. ಹನ್ನೊಂದು ಸಲವೂ ಉಸ್. ಅಲ್ಲಿಂದ ತಿರುಗಿಸಿ ನೇರ ಗಂಗಾನಗರಕ್ಕೆ ಬಂದು, ಗ್ಯಾರೇಜಿನ ಬಾಗಿಲು ತೆರೆಯುವ ತನಕ ಹಾರ್ನ್ ಮೇಲೆ ಕೈ ಇಟ್ಟುಕೊಂಡೇ ಕೂತರು.

ತಸ್ನೀಮ್ ಗಾಡಿ ತೆಗೆದುಕೊಂಡು ಹೋಗಿ ಮುಕ್ಕಾಲು ಗಂಟೆಯಲ್ಲಿ ವಾಪಸು ಬಂದಳು. “ಚೆನ್ನಾಗಿದೆ ಅಂಕಲ್. ಹೋಗ್ತಾ ಬರ್ತಾ ಒಂದ್ಸಲಾನೂ ಕಟ್ ಆಗ್ಲಿಲ್ಲ.”

“ಅಂದ್ರೆ? ನನ್ನ ಗಾಡಿ ನನ್ನ ಮಾತೇ ಕೇಳಲ್ಲ ಅಂತಾನಾ?”

“ನಿಮ್ ಮಾತು ಯಾರ್ ಕೇಳ್ತಾರೆ ಅಣ್ಣ?” ಎಂದರು ಖಾದರ್ ಬಾಷಾ, ಸಮಾಧಾನ ಮಾಡುವ ಉದ್ದೇಶದಿಂದಲೇ. “ಗುಸ್ಸಾ ನಕ್ಕೋ, ಕೋಪ ಯಾಕೆ? ಟೀ ಕುಡೀರಿ.”

ಅಶ್ವತ್ಥಪ್ಪನವರಿಗೆ ನೆತ್ತಿಗೇರಿತು. “ಟೀ ಅಂತೆ ಟೀ! ಗೃಹಪ್ರವೇಶಕ್ಕೆ ಹತ್ತು ದಿನ ಇದೆ. ಅಲ್ಲಿ ಅವ್ನು ಸೇವಂತಿಗೆ ಸಸಿ ತಂದಿಟ್ಕೊಂಡು ಕಾಯ್ತಾವ್ನೆ. ನಿನ್ನ ಮಗಳ ಕೈಗೆ ಗಾಡಿ ಕೊಟ್ಟೆನಲ್ಲ, ನನ್ನ ಬುದ್ಧಿಗಿಷ್ಟು ಮಂಕು ಕವಿದಿತ್ತು! ಹೆಣ್ಮಕ್ಕಳಿಗೂ ಗಾಡಿಗೂ ಏನಯ್ಯಾ ಸಂಬಂಧ?”

ಖಾದರ್ ಬಾಷಾ ಟೀ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಅವರು ತಿರುಗಿ ಬೈಯಲಿಲ್ಲ. ಅದು ಬೈದದ್ದಕ್ಕಿಂತ ಹೆಚ್ಚಾಗಿ ತಾಗಿತು. ಅದೇ ಹೊತ್ತಿಗೆ ಬಾಗಿಲಲ್ಲಿ ಗಂಗರತ್ನಮ್ಮನವರು ನಿಂತಿದ್ದರು. (ಮಂಗಳವಾರ, ಶುಕ್ರವಾರ ಬೆಳಿಗ್ಗೆ ಅವರಿಗೆ ಗಂಗಾನಗರದಲ್ಲಿ ಭಜನೆ. ಬ್ಯಾಟರಾಯನಪುರದಲ್ಲಿ ಇಲ್ಲದ ಯಾವ ದೇವರು ಗಂಗಾನಗರದಲ್ಲಿದ್ದಾನೆ ಎಂದು ಅಶ್ವತ್ಥಪ್ಪನವರು ಕೇಳಿರಲಿಲ್ಲ. ಭಜನೆಗೆ ಕ್ಯಾನ್ವಾಸ್ ಶೂ ಯಾಕೆ ಎಂದೂ ಕೇಳಿರಲಿಲ್ಲ.) ಗಂಡನ ಮಾತನ್ನು ಅವರು ಪೂರ್ತಿ ಕೇಳಿಸಿಕೊಂಡರು. ಕೈಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು.

ತಸ್ನೀಮ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟಳು. “ಅಂಕಲ್, ನಾಳೆ ಬೆಳಿಗ್ಗೆ ನೀವೇ ಓಡ್ಸಿ. ನಾನು ಪಕ್ಕದಲ್ಲಿ ಕೂತ್ಕೋತೀನಿ. ಆಂಟೀನೂ ಬರ್ಲಿ, ಸಾಕ್ಷಿಗೆ.”

ಮರುದಿನ ಬೆಳಿಗ್ಗೆ ಅದೇ ರಸ್ತೆ, ಅದೇ ಐವತ್ತೈದು, ಅದೇ ಬೀಪ್, ಅದೇ ಉಸ್. “ನೋಡ್ದ್ಯಾ? ನೋಡ್ದ್ಯಾ?” ಎಂದು ಅಶ್ವತ್ಥಪ್ಪನವರು ವಿಜಯೋತ್ಸಾಹದಿಂದ ಕೂಗಿದರು. ತಸ್ನೀಮ್ ಫೋನನ್ನು ಸ್ಟೀರಿಂಗ್ ಕೆಳಗೆ ಹಿಡಿದು ಏನೋ ಮಾಡುತ್ತಿದ್ದಳು. ಹಿಂದಿನ ಸೀಟಿನಿಂದ ಗಂಗರತ್ನಮ್ಮನವರು, “ಕ್ಲಚ್ ಮೇಲಿಂದಾನೂ ಕಾಲ್ ತೆಗೀರಿ” ಎಂದರು.

“ಕ್ಲಚ್ ಅಂದ್ರೆ ಏನೂಂತ ನಿನಗೇನೇ ಗೊತ್ತು?”

“ಏನೋ, ಅವರಿವರು ಅನ್ನೋದು ಕಿವಿಗೆ ಬಿದ್ದಿತ್ತು” ಎಂದು ಗಂಗರತ್ನಮ್ಮನವರು ಕಿಟಕಿಯಾಚೆ ನೋಡಿದರು.

ರಸ್ತೆ ಬದಿಗೆ ನಿಲ್ಲಿಸಿದ ಮೇಲೆ ತಸ್ನೀಮ್ ಫೋನನ್ನು ಅವರ ಮುಂದೆ ಹಿಡಿದಳು. ಅದರಲ್ಲಿ ಅವರ ಬಲಗಾಲಿನ ಚಲನಚಿತ್ರ. ಬೀಪ್ ಎಂದಿತು. ಕಾಲು ಆಕ್ಸಿಲರೇಟರ್‌ನಿಂದ ಮೇಲೆದ್ದಿತು. ಒಂದು ಕ್ಷಣ ಗಾಳಿಯಲ್ಲಿ ದಿಕ್ಕು ತೋಚದೆ ನಿಂತಿತು. ಆಮೇಲೆ, ಸಂಜೆ ಕೊಟ್ಟಿಗೆಗೆ ತಾನಾಗಿ ಬರುವ ಕರುವಿನ ಹಾಗೆ, ನೇರ ಬ್ರೇಕಿನ ಮೇಲೆ ಹೋಗಿ ಒರಗಿಕೊಂಡಿತು. ಅದೇ ಗಳಿಗೆಯಲ್ಲಿ ಉಸ್.

“ಗಾಡಿ ಕೊಡುವಾಗ್ಲೇ ಹೇಳಿದ್ದೆ ಅಂಕಲ್. ಬ್ರೇಕ್ ಮುಟ್ಟಿದ್ರೆ ಕಟ್, ಕ್ಲಚ್ ಮುಟ್ಟಿದ್ರೂ ಕಟ್. ನೀವು ಫೋನಲ್ಲಿ ಇದ್ರಿ.” ತಸ್ನೀಮ್ ನಗಲಿಲ್ಲ, ಅದು ಅವಳ ದೊಡ್ಡತನ. “ತಪ್ಪು ನಿಮ್ದಲ್ಲ. ಇಷ್ಟು ವರ್ಷ ಹೆಬ್ಬಾಳ ಟ್ರಾಫಿಕ್‌ನಲ್ಲಿ ಓಡ್ಸಿದ್ದೀರ. ಆಕ್ಸಿಲರೇಟರ್ ಬಿಟ್ಟ ಕಾಲಿಗೆ ಬೇರೆ ಜಾಗಾನೇ ಗೊತ್ತಿಲ್ಲ.”

ಅಶ್ವತ್ಥಪ್ಪನವರು ವಿಡಿಯೋವನ್ನು ಮೂರು ಸಲ ನೋಡಿದರು. ನಾಚಿಕೆಯಾಯಿತು. ತಪ್ಪಾಯ್ತು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದು, ಅಲ್ಲಿಂದ ಹಾಗೆಯೇ ಹಿಂದಕ್ಕೆ ಹೋಯಿತು. ಬದಲಿಗೆ, “ಇದನ್ನ ಯಾರಿಗೂ ಕಳಿಸ್ಬೇಡ” ಎಂದರು. ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಗಂಗರತ್ನಮ್ಮನವರ ಫೋನು ಟಿಣ್ ಎಂದಿತು, ಇನ್ನೊಂದು ನಿಮಿಷಕ್ಕೆ ಮಗಳು ವೇದಾಳಿಂದ ಏಳು ನಗುವ ಮುಖಗಳು ಬಂದವು.

“ಹಿಮ್ಮಡಿ ನೆಲಕ್ಕೆ ಊರಿ, ಕಾಲು ಬ್ರೇಕ್ ಹತ್ರಾನೇ ಇರ್ಲಿ, ಆದ್ರೆ ಮುಟ್ಬಾರ್ದು” ಎಂದಳು ತಸ್ನೀಮ್. “ಎಡಗಾಲು ಬದಿಗೆ. ಎಷ್ಟೇ ಆರಾಮ ಅನ್ಸಿದ್ರೂ ಮಡಚಿ ಮೇಲೆ ಮಾತ್ರ ಇಟ್ಕೋಬೇಡಿ. ಡೇಂಜರ್.”

ಮುಂದಿನ ಒಂದು ವಾರ ಬ್ಯಾಟರಾಯನಪುರದ ಆ ಮನೆಯ ವರಾಂಡದಲ್ಲಿ ಕಂಡ ದೃಶ್ಯ ವಿಚಿತ್ರವಾಗಿತ್ತು. ಅಶ್ವತ್ಥಪ್ಪನವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮುಂದೆ ಎರಡು ಇಟ್ಟಿಗೆ ಇಟ್ಟುಕೊಂಡು, ಬಾಯಲ್ಲಿ ‘ಬೀಪ್’ ಎಂದು ಒಂದು ಇಟ್ಟಿಗೆಯಿಂದ ಕಾಲೆತ್ತುತ್ತಿದ್ದರು. ಕಾಲು ಸೀದಾ ಇನ್ನೊಂದು ಇಟ್ಟಿಗೆಗೆ ಹೋಗುತ್ತಿತ್ತು. “ಯಾಕೋ ಹೋಗ್ತೀಯ ಅಲ್ಲಿಗೆ? ಯಾರೋ ಕರೆದ್ರು ನಿನ್ನ?” ಎಂದು ಅದಕ್ಕೆ ಬೈಯುತ್ತಿದ್ದರು. ಮೂರು ಮನೆ ಬಾಡಿಗೆಗೆ ಕೊಟ್ಟು, ಎಂಥೆಂಥವರನ್ನೋ ಖಾಲಿ ಮಾಡಿಸಿದ ಅನುಭವ ಅವರದು. ಈ ಕಾಲನ್ನು ಬ್ರೇಕಿನಿಂದ ಖಾಲಿ ಮಾಡಿಸಲು ಮಾತ್ರ ಅವರಿಂದ ಆಗಲಿಲ್ಲ. ಕಡೆಯ ದಿನ ಇಟ್ಟಿಗೆಯನ್ನೇ ಒದ್ದುಬಿಟ್ಟರು. ಮಂಡಿ ಇನ್ನಷ್ಟು ನೋಯಿತು.

ಗೃಹಪ್ರವೇಶದ ದಿನ ಬೆಳಿಗ್ಗೆ ಇಬ್ಬರೂ ಹೊರಟರು. ಗಂಗರತ್ನಮ್ಮನವರು ರೇಷ್ಮೆ ಸೀರೆ ಉಟ್ಟು, ಮೈಸೂರು ಮಲ್ಲಿಗೆ ಮುಡಿದು, ತಟ್ಟೆ ತೆಂಗಿನಕಾಯಿಯ ಜೊತೆ ಆ ಕೈಚೀಲವನ್ನೂ ಹಿಡಿದು ಎಡಗಡೆ ಕೂತರು. ಏರದ ಗಾಜಿನ ಕಿಟಕಿಯಿಂದ ಗಾಳಿ ಬೀಸಿ ಹೂವು ಕೆದರಿತು.

ಟೋಲ್ ದಾಟುವ ತನಕ ಬೀಪ್ ಮತ್ತು ಉಸ್‌ಗಳ ಪಂದ್ಯ ಸಮಸಮವಾಗಿ ನಡೆಯಿತು. ಮಂಡಿ ಚುಳ್ ಚುಳ್ ಎನ್ನತೊಡಗಿತು. ಇನ್ನು ಅರ್ಧ ಗಂಟೆಯ ದಾರಿ ಇತ್ತು. ಹೀಗೇ ಹೋದರೆ ಇಳಿಯುವಾಗ ‘ಅಮ್ಮಾ’ ಖಚಿತ, ಸೇವಂತಿಗೆ ಖಚಿತ. ದೇವನಹಳ್ಳಿ ಹಿಂದಾಗಿ ರಸ್ತೆ ನೇರವಾಗಿ ಮಲಗಿದ್ದನ್ನು ನೋಡಿ ಅಶ್ವತ್ಥಪ್ಪನವರು ಒಂದು ತೀರ್ಮಾನಕ್ಕೆ ಬಂದರು. ಅರವತ್ತು. ಬೀಪ್. ಎಡಗಾಲನ್ನು ಬದಿಗೆ ಸರಿಸಿ, ಬಲಗಾಲನ್ನು ಸರಕ್ಕನೆ ಮೇಲೆತ್ತಿ, ಮಡಚಿ, ಎಡತೊಡೆಯ ಕೆಳಗೆ ಸಿಕ್ಕಿಸಿ ಕೂತುಬಿಟ್ಟರು.

“ತಸ್ನೀಮ್ ಏನ್ ಹೇಳಿದ್ಲು?” ಗಂಗರತ್ನಮ್ಮನವರ ದನಿ ಎಂದಿಗಿಂತ ಗಡುಸಾಗಿತ್ತು. “ಕಾಲ್ ಇಳ್ಸಿ.”

“ಅವಳೇನ್ ಹೇಳೋದು? ನೋಡು ಎಂಗೋಯ್ತದೆ! ಬೆಣ್ಣೆ!”

ನಿಜವಾಗಿಯೂ ಬೆಣ್ಣೆಯಂತೆಯೇ ಹೋಯಿತು. ಕಾಲು ಬ್ರೇಕಿಗೆ ಹೋಗಲು ದಾರಿಯೇ ಇಲ್ಲದ್ದರಿಂದ ಕ್ರೂಸ್ ಕಡಿಯಲಿಲ್ಲ. ಮಂಡಿಯ ನೋವು ಮಾಯವಾಯಿತು. ಅಶ್ವತ್ಥಪ್ಪನವರು ಮನೆಯ ಜಗಲಿಯಲ್ಲಿ ಕೂತಂತೆ ಕೂತು, ಮೂಗಿನಲ್ಲಿ ಏನೋ ರಾಗ ಎಳೆಯುತ್ತ ಇಪ್ಪತ್ತು ನಿಮಿಷ ಸಾಗಿದರು. ಅವರ ಜೀವನದಲ್ಲಿ ಕೋಪವಿಲ್ಲದ ಇಪ್ಪತ್ತು ನಿಮಿಷಗಳೆಂದರೆ ಅವೇ. ನೋವು ಹೋದದ್ದು ಗುಣವಾಗಿ ಅಲ್ಲ, ಕಾಲು ಜೋಮು ಹಿಡಿದು ಎಂಬುದು ಅವರಿಗೆ ಹೊಳೆಯಲಿಲ್ಲ.

ಹೊಳೆದದ್ದು ಹೆದ್ದಾರಿ ಬಿಟ್ಟು ತೋಟದ ಕಡೆ ತಿರುಗುವಾಗ. ಗುಂಡಿ ಒತ್ತಿ ಕ್ರೂಸ್ ನಿಲ್ಲಿಸಿ, ಕಾಲು ಇಳಿಸೋಣವೆಂದರೆ ಕಾಲು ಸಿಗಲಿಲ್ಲ. ಇತ್ತು, ಆದರೆ ಅವರದಾಗಿರಲಿಲ್ಲ. ಗಾಡಿ ನಿಧಾನಗೊಂಡಿತ್ತು, ಅಷ್ಟು ಪುಣ್ಯ. ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಇನ್ನೊಂದರಲ್ಲಿ ಕಾಲನ್ನು ಕುಂಬಳಕಾಯಿ ಎತ್ತಿದ ಹಾಗೆ ಎತ್ತಿ ಕೆಳಗೆ ಹಾಕಿದರು. ಅದು ಬಿದ್ದ ಕಡೆ ಬಿದ್ದುಕೊಂಡಿತು. ಕಡೆಗೆ ಎಡಗಾಲಿನಲ್ಲೇ ಬ್ರೇಕ್ ತುಳಿದರು. ಮಹಾರಥ ಎರಡು ಸಲ ಕುಪ್ಪಳಿಸಿ, ಚಪ್ಪರದ ಮುಂದೆ ಇಂಜಿನ್ ಆರಿ ನಿಂತಿತು.

ಗೇಟಿನ ಪಕ್ಕ ಗಾಡಿ ನಿಲ್ಲಿಸಲೆಂದೇ ಇಟ್ಟಿಗೆಯ ಕಟ್ಟೆ ಕಟ್ಟಿಸಿತ್ತು. ಅದರ ಮೇಲೆ ಸಾಲಾಗಿ ಸೇವಂತಿಗೆ ಸಸಿಗಳು. ವೆಂಕಟರಾಮಯ್ಯ ಹಲ್ಲು ಕಿರಿಯುತ್ತ ಎದುರು ಬಂದರು. “ಬನ್ನಿ ಭಾವ, ಬನ್ನಿ. ಇಳೀರಿ, ಇಳೀರಿ.”

ಅಶ್ವತ್ಥಪ್ಪನವರು ಬಾಗಿಲು ತೆರೆದರು. ಹಲ್ಲು ಕಚ್ಚಿದರು. ಮನೆದೇವರನ್ನು ನೆನೆದರು. ಎತ್ತರದ ಫುಟ್‌ಬೋರ್ಡಿನಿಂದ ಬಲಗಾಲನ್ನು ಕೆಳಗಿಟ್ಟರು. ಕಾಲು ನೆಲ ಮುಟ್ಟಿತೋ ಇಲ್ಲವೋ ಗೊತ್ತಾಗಲಿಲ್ಲ. ಗೊತ್ತಾದದ್ದು ಮರುಕ್ಷಣ, ಸಾವಿರ ಸೂಜಿಗಳು ಒಟ್ಟಿಗೆ ಚುಚ್ಚಿದಾಗ. ಅವರು ರಂಗೋಲಿಯ ನಟ್ಟನಡುವೆ ಕುಳಿತರು.

“ಅಮ್ಮಾ!!”

ವಾದ್ಯದವರು ನುಡಿಸುವುದನ್ನು ನಿಲ್ಲಿಸಿದರು. ಪುರೋಹಿತರು ಮಂತ್ರ ತಪ್ಪಿದರು. ತೋಟದಾಚೆಯ ಎಮ್ಮೆಯೊಂದು ತನ್ನನ್ನೇ ಕರೆದರೆಂದು ಓಗೊಟ್ಟಿತು.

ಊಟವಾಗುವ ತನಕ ಯಾರೂ ಆ ಮಾತೆತ್ತಲಿಲ್ಲ. ಬಡಿಸಿದ ಒಬ್ಬಟ್ಟನ್ನು ಅಶ್ವತ್ಥಪ್ಪನವರು ಎಲೆಯಲ್ಲೇ ಬಿಟ್ಟು ಎದ್ದರು. ಕೈ ತೊಳೆದು ಬಂದು, ಎಲ್ಲರ ಎದುರು, ಜೇಬಿನಿಂದ ಕೀ ತೆಗೆದು ಹೆಂಡತಿಯ ಅಂಗೈ ಮೇಲಿಟ್ಟರು. ಆಣೆಯೆಂದರೆ ಆಣೆ. ಬಾನೆಟ್ಟಿನ ಮೇಲೊಮ್ಮೆ ಕೈಯಾಡಿಸಿದರು. ಕಣ್ಣಲ್ಲಿ ನೀರೇ ಬಂತು. ವೆಂಕಟರಾಮಯ್ಯ ಪಕ್ಕಕ್ಕೆ ಬಂದು ಅಕ್ಕನ ಮುಂದೆ ಕೈ ಚಾಚಿದರು.

ಗಂಗರತ್ನಮ್ಮನವರು ಆ ಕೈಯನ್ನು ದಾಟಿಕೊಂಡು ಮುಂದೆ ಹೋದರು. “ಸೇವಂತಿಗೇನ ಕುಂಡದಲ್ಲಿ ಹಾಕೋ” ಎಂದರು. ಗಾಡಿಯ ಬಲಬಾಗಿಲು ತೆರೆದು, ಕೈಚೀಲದಿಂದ ಕ್ಯಾನ್ವಾಸ್ ಶೂ ತೆಗೆದು ಹಾಕಿಕೊಂಡು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಸ್ಟೀರಿಂಗ್ ಹಿಂದೆ ಕೂತರು. ಸೀಟನ್ನು ಅರ್ಧ ಗೇಣು ಮುಂದಕ್ಕೆ ಎಳೆದುಕೊಂಡರು.

“ಏಯ್! ಏನ್ ಮಾಡ್ತಿದ್ದೀಯೇ? ಲೈಸನ್ಸ್?”

“ದೇವರ ಪಟದ ಹಿಂದೆ ಇಟ್ಟಿದ್ದೆ. ಈಗ ಚೀಲದಲ್ಲಿದೆ. ಎಂಟು ತಿಂಗಳಾಯ್ತು. ತಸ್ನೀಮ್ ಕಲಿಸಿದ್ದು. ಹತ್ತಿ, ಹೆಬ್ಬಾಳದಲ್ಲಿ ಜಾಮ್ ಆಗೋಕ್ಕೆ ಮುಂಚೆ ಸೇರ್ಬೇಕು.”

ಎಡಗಡೆಯ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದೇ ಅಶ್ವತ್ಥಪ್ಪನವರಿಗೆ ನೆನಪಾಗಲಿಲ್ಲ. ಅಲ್ಲಿ ಅವರು ಒಮ್ಮೆಯೂ ಕೂತಿರಲಿಲ್ಲ. ಹತ್ತಿದರು. ಗಾಡಿ ಒಂದಿಷ್ಟೂ ಜಗ್ಗದೆ ಹೊರಟಿತು. ಹೆದ್ದಾರಿ ಸೇರಿ, ಐವತ್ತೈದಕ್ಕೆ ಗಂಗರತ್ನಮ್ಮನವರು ಹಸಿರು ಗುಂಡಿ ಒತ್ತಿದರು. ಬೀಪ್. ಟೋಲ್ ಬರುವ ತನಕ ಉಸ್ ಎಂಬ ಸದ್ದೇ ಇಲ್ಲ. ಸವತಿ ಅವರ ಪಕ್ಷ ಸೇರಿಬಿಟ್ಟಿದ್ದಳು.

ಎದುರಿಗೆ ಲಾರಿಯೊಂದು ಕಂಡಾಗಲೆಲ್ಲ ಅಶ್ವತ್ಥಪ್ಪನವರ ಬಲಗಾಲು ಮುಂದಿನ ಮ್ಯಾಟನ್ನು ಬಲವಾಗಿ ಒತ್ತುತ್ತಿತ್ತು. ತಡೆಯಲಾರದೆ ಕೇಳಿದರು: “ಇಷ್ಟು ದಿನ ನನಗ್ಯಾಕೆ ಹೇಳ್ಲಿಲ್ಲ? ನಾನೇ ಕಲಿಸ್ತಿದ್ನಲ್ಲ!”

ಗಂಗರತ್ನಮ್ಮನವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

“ಗಾಡಿ ತಂದ ವಾರ ಕೇಳಿದ್ದೆ. ಶ್ರಾವಣ ಸೋಮವಾರ. ನಿಮ್ಮ ಅಕ್ಕ, ಭಾವ, ಖಾದರ್ ಭಾಯಿ ಎಲ್ಲ ಇದ್ರು. ‘ನೀನು ಓಡ್ಸಿದ್ರೆ ರಸ್ತೆಗೆ ಹೋಗೋಕ್ಕೆ ಮುಂಚೆ ಗೇಟೇ ಮುರೀತದೆ’ ಅಂದ್ರಿ. ಎಲ್ಲಾ ನಕ್ರು. ಇಪ್ಪತ್ತೆರಡು ವರ್ಷ ಆಯ್ತು. ಆವತ್ತು ಬಂದ ಕೋಪ ಇವತ್ತು ಇಳೀತು ನನಗೆ.”

ದಿನಕ್ಕೆ ಆರು ಕೋಪ ಮಾಡಿಕೊಂಡು ಆರನ್ನೂ ಕಾಫಿಯ ಜೊತೆ ಮುಗಿಸುತ್ತಿದ್ದ ಅಶ್ವತ್ಥಪ್ಪನವರಿಗೆ, ಒಂದೇ ಕೋಪವನ್ನು ಇಪ್ಪತ್ತೆರಡು ವರ್ಷ ಕೆಡದಂತೆ ಇಟ್ಟುಕೊಂಡವರ ಪಕ್ಕದಲ್ಲಿ ಕೂತಿದ್ದೇನೆಂದು ತಿಳಿದು ಮೈ ತಣ್ಣಗಾಯಿತು. ಮನೆ ಮುಂದೆ ಗಂಗರತ್ನಮ್ಮನವರು ಗಾಡಿಯನ್ನು ಒಂದೇ ಸಲಕ್ಕೆ ಹಿಂದೆ ತೆಗೆದು ಗೇಟಿನೊಳಗೆ ಸೇರಿಸಿದರು. ಗೇಟು ಮುರಿಯಲಿಲ್ಲ. ಕೀಯನ್ನು ಬೀರುವಿನ ಕೀಗಳ ಗೊಂಚಲಿಗೆ ಸೇರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮರುದಿನ ಬೆಳಿಗ್ಗೆ ಅಶ್ವತ್ಥಪ್ಪನವರು ಶರ್ಟು ಹಾಕಿಕೊಂಡು ಗಾಡಿಯ ಕೀ ತೂಗುಹಾಕುವ ಮೊಳೆಯ ಮೇಲೆ ಕೈಯಾಡಿಸಿದರು. ಮೊಳೆ ಖಾಲಿ.

“ಕೀ ಎಲ್ಲೇ?”

“ಎಲ್ಲಿಗೆ ಹೋಗ್ಬೇಕು ಹೇಳಿ, ಬಿಡ್ತೀನಿ” ಎಂದು ಅಡುಗೆಮನೆಯಿಂದ ಉತ್ತರ ಬಂತು.

“ಖಾದರ್ ಹತ್ರ. ಜಗಳ ಇದೆ.” ಸ್ವಲ್ಪ ತಡೆದು, “ಆ ಹುಡುಗಿ ಹತ್ರ ಒಂದು ಮಾತೂ ಆಡ್ಬೇಕಿತ್ತು. ತಪ್ಪಾಯ್ತು ಅನ್ಬೇಕಿತ್ತು” ಎಂದರು.

“ಹತ್ತು ನಿಮಿಷ ಇರಿ. ಒಗ್ಗರಣೆ ಹಾಕಿ ಬರ್ತೀನಿ.”

ಅಶ್ವತ್ಥಪ್ಪನವರು ಹೋಗಿ ಎಡಗಡೆಯ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು. ಏರದ ಗಾಜಿನ ಕಿಟಕಿಯಿಂದ ಒಗ್ಗರಣೆಯ ಘಮ ಬಂತು. ಗಾಡಿ ಇನ್ನೂ ಸ್ಟಾರ್ಟೇ ಆಗಿರಲಿಲ್ಲ. ಆದರೂ ಅವರ ಬಲಗಾಲು ಆಗಲೇ ಮ್ಯಾಟಿನ ಮೇಲೆ ಬ್ರೇಕ್ ಹುಡುಕುತ್ತಿತ್ತು.